ವಂಕಿ ಹಾಕಿಸಿಕೊಂಡರೆ ಪಾಪವೇ? ಆಪರೇಷನ್‌ಗೆ ಗಂಡನ ಸಹಿ ಬೇಕೇ?

ಪ್ರಶ್ನೆ: ನನಗೆ 29 ವರ್ಷ. ದೊಡ್ಡವನಿಗೆ ನಾಲ್ಕು ವರ್ಷ, ಚಿಕ್ಕವಳಿಗೆ ಎಂಟು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತಾಳೆ. ಇನ್ನೊಂದು ಮಗು ಬೇಡ ಅಂತ ನನಗಿದೆ. ಆಶಾ ಕಾರ್ಯಕರ್ತೆ ವಂಕಿ (ಕಾಪರ್-ಟಿ) ಹಾಕಿಸಿಕೊಳ್ಳಿ ಅಂದರು. ಅತ್ತೆಯವರು ‘ಅದು ಹೊಟ್ಟೆಯೊಳಗಿನ ಜೀವ ತೆಗೆಯೋದು, ಧರ್ಮ ಒಪ್ಪಲ್ಲ’ ಅಂತಾರೆ. ನಾನೂ ದೇವರಿಗೆ ಹೆದರುವವಳೇ, ಪ್ರಾರ್ಥನೆ-ಉಪವಾಸ ತಪ್ಪಿಸುವವಳಲ್ಲ. ಮಾತ್ರೆ ತಗೊಂಡರೆ ಉಪವಾಸದಲ್ಲಿ ಏನು ಮಾಡಬೇಕು? ಆಪರೇಷನ್ ಮಾಡಿಸೋಣ ಅಂದರೆ ಯಜಮಾನರ ಸಹಿ ತನ್ನಿ ಅಂದರು. ಅವರು ಒಪ್ಪುತ್ತಿಲ್ಲ. ದಾರಿ ತಿಳಿಸಿ.

ಉತ್ತರ: ಯಾವ ಧರ್ಮದವರೆಂದು ನೀವು ಬರೆದಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಇದೇ ಪ್ರಶ್ನೆ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ, ಎಲ್ಲ ಧರ್ಮದ ಮನೆಗಳಿಂದಲೂ ಬರುತ್ತದೆ. ನಿಮ್ಮ ಪತ್ರದಲ್ಲಿ ಮೂರು ವಿಷಯ ಬೆರೆತಿವೆ. ವಂಕಿ ದೇಹದೊಳಗೆ ಏನು ಮಾಡುತ್ತದೆ ಎನ್ನುವುದು ವೈದ್ಯಕೀಯ. ನಿಮ್ಮ ಧರ್ಮ ಏನನ್ನು ಒಪ್ಪುತ್ತದೆ ಎನ್ನುವುದು ನಂಬಿಕೆಯ ವಿಚಾರ. ಸಹಿ ಯಾರದು ಎನ್ನುವುದು ಕಾನೂನು. ಮನೆಯಲ್ಲಿ ಈ ಮೂರಕ್ಕೂ ಒಬ್ಬರೇ ಉತ್ತರ ಕೊಡಲು ಹೊರಟಾಗ ಗಂಟು ಬೀಳುತ್ತದೆ. ಬಿಡಿಬಿಡಿಯಾಗಿ ನೋಡೋಣ.

ವಂಕಿ ಎಂದರೆ ತಾಮ್ರದ ತಂತಿ ಸುತ್ತಿದ ಸಣ್ಣ ಪ್ಲಾಸ್ಟಿಕ್ ಸಾಧನ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದರಲ್ಲಿ ಎರಡು ಬಗೆ: 380-ಎ 10 ವರ್ಷ ಕೆಲಸ ಮಾಡುತ್ತದೆ, 375 ಅನ್ನುವುದು 5 ವರ್ಷ. ತಾಮ್ರದಿಂದ ಬಿಡುಗಡೆಯಾಗುವ ಅಂಶ ವೀರ್ಯಾಣುಗಳನ್ನು ನಿಶ್ಚಲಗೊಳಿಸುತ್ತದೆ. ಅವು ಅಂಡಾಣುವನ್ನು ಸೇರುವುದೇ ಇಲ್ಲ. ಅಂದರೆ ಅದರ ಮುಖ್ಯ ಕೆಲಸ ನಡೆಯುವುದು ಗರ್ಭ ಕಟ್ಟುವ ಮೊದಲು. ಆಗಲೇ ನಿಂತ ಬಸುರನ್ನು ಇಳಿಸಲು ವಂಕಿ ಹಾಕುವುದಿಲ್ಲ. ಬಸುರಿ ಎಂದು ಗೊತ್ತಾದರೆ ವಂಕಿ ಹಾಕಲೇಬಾರದು ಎಂಬುದು ನಿಯಮ. ಅತ್ತೆಯವರಿಗೆ ಇಷ್ಟು ಹೇಳಬಹುದು.

ಆದರೆ ಪೂರ್ತಿ ಸತ್ಯ ಇನ್ನೂ ಸ್ವಲ್ಪ ಇದೆ. ಗರ್ಭಧಾರಣೆ ಶುರುವಾಗುವುದು ಭ್ರೂಣ ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡಾಗ ಎಂದು ವೈದ್ಯವಿಜ್ಞಾನ ಎಣಿಸುತ್ತದೆ. ವೀರ್ಯಾಣು-ಅಂಡಾಣು ಕೂಡಿದ ಕ್ಷಣವೇ ಜೀವ ಎಂದು ಕ್ಯಾಥೊಲಿಕ್ ಸಭೆಯೂ ಇನ್ನು ಕೆಲವರೂ ನಂಬುತ್ತಾರೆ. ಇದು ಪ್ರಯೋಗಾಲಯದಲ್ಲಿ ತೀರ್ಮಾನವಾಗುವ ಜಗಳವಲ್ಲ. ಎರಡನೆಯ ನಂಬಿಕೆಯವರು ಗಮನಿಸಬೇಕಾದದ್ದು ಎರಡು. ಒಂದು, ಸಂಪರ್ಕವಾದ ಮೇಲೆ ಐದು ದಿನದೊಳಗೆ ತುರ್ತಾಗಿ ವಂಕಿ ಹಾಕಿದರೆ ಭ್ರೂಣ ಅಂಟಿಕೊಳ್ಳುವುದನ್ನೂ ಅದು ತಡೆಯಬಹುದು. ಎರಡು, ಹಾರ್ಮೋನ್ ಇಲ್ಲದ, ‘ನಿರಪಾಯಕಾರಿ’ ಎಂದು ಜನ ಸುಲಭವಾಗಿ ಒಪ್ಪುವ ಛಾಯಾ ಎಂಬ ಗರ್ಭನಿರೋಧಕ ಮಾತ್ರೆ ಗರ್ಭಕೋಶದ ಒಳಪದರ ಸಕಾಲಕ್ಕೆ ಸಿದ್ಧವಾಗದಂತೆ ಮಾಡಿ ಕೆಲಸ ಮಾಡುತ್ತದೆ. ಆ ನಂಬಿಕೆಯ ಲೆಕ್ಕದಲ್ಲಿ ನೋಡಿದರೆ ತಕರಾರು ಏಳಬೇಕಾದದ್ದು ವಂಕಿಗಿಂತ ಹೆಚ್ಚಾಗಿ ಛಾಯಾ ಮೇಲೆ. ನಡೆಯುವುದು ಮಾತ್ರ ಉಲ್ಟಾ. ಇನ್ನು 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆ (ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ) ಅಂಡಾಣು ಬಿಡುಗಡೆಯನ್ನು ಮುಂದೂಡುತ್ತದೆ ಅಷ್ಟೆ; ಅಂಡಾಣು ಹೊರಬಂದ ಮೇಲೆ ಅದರಿಂದ ಉಪಯೋಗವಿಲ್ಲ, ನಿಂತ ಬಸುರಿಗೆ ಅಪಾಯವೂ ಇಲ್ಲ.

ಇನ್ನು ‘ಧರ್ಮ ಒಪ್ಪಲ್ಲ’ ಎಂಬ ಮಾತು. ಯಾವ ಧರ್ಮ, ಯಾವ ವಿಧಾನ ಎಂದು ಕೇಳಿದ ಕೂಡಲೇ ಉತ್ತರ ಬದಲಾಗುತ್ತದೆ.

ಇಸ್ಲಾಮಿನಲ್ಲಿ ‘ಅಝ್ಲ್’ ಅಂದರೆ ವೀರ್ಯವನ್ನು ಹೊರಗೆ ಬಿಡುವ ಪದ್ಧತಿ ಪ್ರವಾದಿಯವರ ಕಾಲದಲ್ಲೇ ಇತ್ತು, ಅದಕ್ಕೆ ನಿಷೇಧ ಬರಲಿಲ್ಲ ಎಂಬ ಹದೀಸ್ (ಪ್ರವಾದಿಯವರ ನುಡಿ-ನಡೆಯ ದಾಖಲೆ) ಇದೆ. ಹೆಂಡತಿಯ ಒಪ್ಪಿಗೆಯಿದ್ದರೆ ಅದು ಸರಿ ಎಂದು ಹೆಚ್ಚಿನ ವಿದ್ವಾಂಸರು ಹೇಳಿದ್ದಾರೆ. 11ನೇ ಶತಮಾನದ ಇಮಾಮ್ ಗಝಾಲಿ ಹೆಂಡತಿಯ ಆರೋಗ್ಯವನ್ನೂ ಒಂದು ಕಾರಣವಾಗಿ ಒಪ್ಪಿದ್ದರು. ಅದೇ ಆಧಾರದ ಮೇಲೆ ಇಂದು ಬಹುಪಾಲು ಉಲೇಮಾಗಳು (ಧಾರ್ಮಿಕ ವಿದ್ವಾಂಸರು) ನಿರೋಧ್, ಮಾತ್ರೆ, ಚುಚ್ಚುಮದ್ದು, ವಂಕಿಯಂಥ ತಾತ್ಕಾಲಿಕ ವಿಧಾನಗಳನ್ನು ಒಪ್ಪುತ್ತಾರೆ. ಆಕ್ಷೇಪ ಇರುವುದು ವೈದ್ಯಕೀಯ ಕಾರಣವಿಲ್ಲದ ಶಾಶ್ವತ ಆಪರೇಷನ್ನಿಗೆ. ತಾಯಂದಿರು ಪೂರ್ತಿ ಎರಡು ವರ್ಷ ಹಾಲೂಡಿಸಬಹುದು ಎಂಬ ಕುರ್‌ಆನ್‌ ವಚನವನ್ನೂ (2:233) ಅಂತರದ ಪರವಾಗಿ ಉದಾಹರಿಸುವವರಿದ್ದಾರೆ. ಒಂದು ಹೆರಿಗೆಯಾಗಿ ಕನಿಷ್ಠ 24 ತಿಂಗಳಾದ ಮೇಲೆ ಮುಂದಿನ ಗರ್ಭಕ್ಕೆ ಯತ್ನಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅಷ್ಟೇ ಅವಧಿಯನ್ನು.

ಕ್ರೈಸ್ತರಲ್ಲಿ ಒಂದೇ ಮಾತಿಲ್ಲ. ಆಂಗ್ಲಿಕನ್ ಸಭೆ 1930ರಲ್ಲೇ ಕೆಲವು ಷರತ್ತುಗಳ ಮೇಲೆ ಗರ್ಭನಿರೋಧವನ್ನು ಒಪ್ಪಿತು, ಬಹುತೇಕ ಪ್ರೊಟೆಸ್ಟೆಂಟ್ ಸಭೆಗಳೂ ಅದೇ ದಾರಿ ಹಿಡಿದವು. ಕ್ಯಾಥೊಲಿಕ್ ಸಭೆ ಮಾತ್ರ 1968ರ ಜುಲೈನಲ್ಲಿ ಆರನೇ ಪೌಲ್ ಪೋಪರು ಹೊರಡಿಸಿದ ಪತ್ರದ ಪ್ರಕಾರ ಕೃತಕ ವಿಧಾನಗಳನ್ನು ಒಪ್ಪದೆ, ಫಲವತ್ತಾದ ದಿನಗಳಲ್ಲಿ ದೂರವಿರುವುದನ್ನಷ್ಟೇ ಒಪ್ಪುತ್ತದೆ. ಆದರೆ ಅದೇ ಪತ್ರದಲ್ಲಿ ಕಾಯಿಲೆಗೆ ಚಿಕಿತ್ಸೆಯಾಗಿ ಕೊಡುವ ಔಷಧಕ್ಕೆ, ಅದರಿಂದ ಗರ್ಭ ನಿಲ್ಲದಂತಾದರೂ, ಅನುಮತಿಯಿದೆ. ಅತಿಸ್ರಾವಕ್ಕೆ, ಎಂಡೊಮೆಟ್ರಿಯೋಸಿಸ್‌ಗೆ ಹಾರ್ಮೋನ್ ಮಾತ್ರೆ ಬರೆದುಕೊಟ್ಟಾಗ ಪಾಪಭಯದಿಂದ ಬಿಸಾಡುವವರಿಗೆ ಈ ಸಾಲು ತಿಳಿದಿರುವುದಿಲ್ಲ.

ಹಿಂದೂ ಧರ್ಮದಲ್ಲಿ ತೀರ್ಪು ಕೊಡುವ ಒಂದೇ ಪೀಠ ಇಲ್ಲ. ಧರ್ಮಶಾಸ್ತ್ರಗಳು ಭ್ರೂಣಹತ್ಯೆಯನ್ನು ಮಹಾಪಾತಕ ಎನ್ನುತ್ತವೆ ನಿಜ. ಗರ್ಭ ಕಟ್ಟದಂತೆ ತಡೆಯುವುದು ಅದಲ್ಲ. ವಿರೋಧ ಬಂದದ್ದು ಹೆಚ್ಚಾಗಿ ಬ್ರಹ್ಮಚರ್ಯದ ಆದರ್ಶದಿಂದ: ಗಾಂಧೀಜಿ ಸಂಯಮವೊಂದೇ ದಾರಿ ಎಂದರು. ಅದೇ ಕಾಲದಲ್ಲಿ ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಅಂಥ ಸರ್ಕಾರಿ ಕ್ಲಿನಿಕ್ ಜಗತ್ತಿನಲ್ಲೇ ಮೊದಲು. ಹಾಗಾಗಿ ‘ಇದೆಲ್ಲ ಈಗಿನವರ ಹೊಸ ಚಾಳಿ’ ಎನ್ನುವ ಹಿರಿಯರಿಗೆ ಅವರ ಅಜ್ಜ-ಅಜ್ಜಿಯ ಕಾಲವನ್ನೇ ತೋರಿಸಬಹುದು.

ಧರ್ಮಕ್ಕೂ ಮಕ್ಕಳ ಸಂಖ್ಯೆಗೂ ಗಂಟು ಹಾಕುವವರು ಗಮನಿಸಬೇಕಾದ ಅಂಕಿ ಒಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮುಸ್ಲಿಂ ಮಹಿಳೆಯರ ಸರಾಸರಿ ಮಕ್ಕಳ ಸಂಖ್ಯೆ 1992–93ರಲ್ಲಿ 4.4 ಇದ್ದದ್ದು 2019–21ರಲ್ಲಿ 2.36ಕ್ಕೆ ಇಳಿದಿದೆ, ಹಿಂದೂ ಮಹಿಳೆಯರದು 1.94. ಧರ್ಮಗ್ರಂಥ ಈ ಮೂವತ್ತು ವರ್ಷದಲ್ಲಿ ಬದಲಾಗಿಲ್ಲ. ಬದಲಾದದ್ದು ಹೆಣ್ಣುಮಕ್ಕಳ ಓದು, ಮದುವೆಯ ವಯಸ್ಸು, ಆಸ್ಪತ್ರೆಯ ದೂರ.

ಈಗ ಯಾರೂ ಮುಂಚೆ ಹೇಳದ, ಆದರೆ ಭಕ್ತಿಯುಳ್ಳ ಹೆಣ್ಣುಮಕ್ಕಳು ವಿಧಾನವನ್ನು ಅರ್ಧಕ್ಕೇ ಬಿಡಲು ನಿಜವಾದ ಕಾರಣವಾಗುವ ಸಂಗತಿ: ರಕ್ತಸ್ರಾವ. ವಂಕಿ ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಜಾಸ್ತಿ ಹೋಗುತ್ತದೆ, ಒಂದೆರಡು ದಿನ ಉದ್ದವಾಗುತ್ತದೆ, ಹೊಟ್ಟೆನೋವೂ ಬರಬಹುದು. ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದಿನಲ್ಲಿ ಮೊದಲ ತಿಂಗಳುಗಳಲ್ಲಿ ಯಾವಾಗೆಂದರೆ ಆವಾಗ ಚುಕ್ಕೆ ಚುಕ್ಕೆಯಾಗಿ ಕಾಣಿಸಿಕೊಂಡು, ಆಮೇಲೆ ಮುಟ್ಟು ನಿಂತೇ ಹೋಗಬಹುದು. ಛಾಯಾದಲ್ಲಿ ಮುಟ್ಟು ತಡವಾಗುತ್ತದೆ. ಮುಟ್ಟಿನಲ್ಲಿ ಪೂಜೆ, ನಮಾಜು ಇಲ್ಲದ ಮನೆಯಲ್ಲಿ ತಿಂಗಳಿಗೆ ಹತ್ತು ಹನ್ನೆರಡು ದಿನ ಹೊರಗೆ ಕೂರುವುದೆಂದರೆ ದೊಡ್ಡ ಹಿಂಸೆ. ಇದನ್ನು ಮೊದಲೇ ಹೇಳದೆ ಚುಚ್ಚುಮದ್ದು ಕೊಟ್ಟರೆ ಎರಡನೇ ಡೋಸಿಗೆ ಆಕೆ ಬರುವುದಿಲ್ಲ.

ಇಲ್ಲಿ ಧರ್ಮಗಳೊಳಗೇ ಪರಿಹಾರವಿದೆ. ಇಸ್ಲಾಮಿನ ಫಿಕ್‌ಹ್‌ನಲ್ಲಿ (ಧಾರ್ಮಿಕ ವಿಧಿಶಾಸ್ತ್ರದಲ್ಲಿ) ಮುಟ್ಟು ಬೇರೆ, ಹೊತ್ತಲ್ಲದ ಹೊತ್ತಿನ ಸ್ರಾವ (ಇಸ್ತಿಹಾಝಾ) ಬೇರೆ. ಹನಫಿ ಪಂಥದವರಲ್ಲಿ ಮುಟ್ಟಿನ ಮಿತಿ ಕನಿಷ್ಠ 3, ಗರಿಷ್ಠ 10 ದಿನ. ಕರಾವಳಿಯ ಬ್ಯಾರಿ, ನವಾಯತರು ಅನುಸರಿಸುವ ಶಾಫಿ ಪಂಥದಲ್ಲಿ ಗರಿಷ್ಠ 15 ದಿನ. ಇಸ್ತಿಹಾಝಾ ಎಂದು ಲೆಕ್ಕಕ್ಕೆ ಬಂದ ದಿನಗಳಲ್ಲಿ ಪ್ರತಿ ನಮಾಜಿನ ಹೊತ್ತಿಗೆ ವುಝೂ (ಕೈಕಾಲು, ಮುಖ ತೊಳೆಯುವ ಶುದ್ಧಿ) ಮಾಡಿ ನಮಾಜು ಮಾಡಬಹುದು, ಉಪವಾಸವೂ ಹಿಡಿಯಬಹುದು. ಹಿಂದಿನ ತಿಂಗಳುಗಳ ನಿಮ್ಮ ಮುಟ್ಟಿನ ದಿನಗಳನ್ನು ಬರೆದಿಟ್ಟುಕೊಂಡು ಆಲಿಮರನ್ನು (ಸಾಧ್ಯವಾದರೆ ಆಲಿಮಾ ಒಬ್ಬರನ್ನು) ಕೇಳಿದರೆ ಸ್ಪಷ್ಟ ಉತ್ತರ ಸಿಗುತ್ತದೆ. ಲಿಂಗಾಯತರಲ್ಲಂತೂ ಶರಣರು ಪಂಚಸೂತಕಗಳನ್ನೇ (ಐದು ಬಗೆಯ ಮೈಲಿಗೆ) ತಳ್ಳಿಹಾಕಿದರು. ಆ ಐದರಲ್ಲಿ ರಜಸ್ಸೂತಕವೂ ಒಂದು. ಇಷ್ಟಲಿಂಗ ಧರಿಸಿದವಳಿಗೆ ಮುಟ್ಟಿನ ಮೈಲಿಗೆ ಇಲ್ಲ. ಆಚರಣೆಯಲ್ಲಿ ಅದನ್ನು ಮರೆತ ಮನೆಗಳೇ ಹೆಚ್ಚು. ಕ್ರೈಸ್ತರಲ್ಲಿ ಈ ಪ್ರಶ್ನೆ ಬಹುತೇಕ ಏಳುವುದಿಲ್ಲ. ಸಾಂಪ್ರದಾಯಿಕ ಹಿಂದೂ ಮನೆಯಲ್ಲಿ ನಾಲ್ಕನೇ ದಿನದ ಸ್ನಾನದ ನಂತರದ ಚುಕ್ಕೆ ಸ್ರಾವವನ್ನು ಏನೆಂದು ಎಣಿಸಬೇಕು ಎನ್ನುವುದು ಮನೆಯಿಂದ ಮನೆಗೆ ಬೇರೆ. ಔಷಧದಿಂದ ಬಂದದ್ದು ಎಂದು ಮೊದಲೇ ಹೇಳಿ ಒಪ್ಪಿಸಿಕೊಳ್ಳುವುದು ಜಾಣತನ.

ಹಬ್ಬ, ಯಾತ್ರೆ, ಉಮ್ರಾ ಬಂದಾಗ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೇರವಾಗಿ ತಂದು ನುಂಗುವ ಅಭ್ಯಾಸ ಬೇಡ. ಅದು ನೊರೆಥಿಸ್ಟೆರಾನ್ 5 ಮಿ.ಗ್ರಾಂ. ಮುಟ್ಟಾಗಬೇಕಾದ ದಿನಕ್ಕೆ 3 ದಿನ ಮೊದಲು ಶುರುಮಾಡಿ ದಿನಕ್ಕೆ 3 ಸಲ ತೆಗೆದುಕೊಳ್ಳಬೇಕು, ನಿಲ್ಲಿಸಿದ 2–3 ದಿನಕ್ಕೆ ಮುಟ್ಟಾಗುತ್ತದೆ. ಹಿಂದಿನ ದಿನ ನುಂಗಿದರೆ ಮುಟ್ಟು ನಿಲ್ಲುವ ಖಾತರಿಯಿಲ್ಲ. ಹೀಗೆ ತೆಗೆದುಕೊಂಡರೆ ಇದು ಗರ್ಭನಿರೋಧಕವಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ, ಯಕೃತ್ತಿನ ಕಾಯಿಲೆ, ಸ್ತನ ಕ್ಯಾನ್ಸರ್, ಕಣ್ಣೆದುರು ಮಿಂಚು ಕಾಣಿಸುವ ಮೈಗ್ರೇನ್ ಇರುವವರಿಗೆ ಇದು ಕೂಡದು. ನೀವು ಹಾಲೂಡಿಸುತ್ತಿರುವುದರಿಂದ ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

ಉಪವಾಸದ ವಿಚಾರ ಅಷ್ಟು ಕಷ್ಟದ್ದಲ್ಲ. ವ್ರತ ಕೆಡಿಸದ ಎಂಟನ್ನು ಹೇಳುವ ಹಳೆಯ ಶ್ಲೋಕದಲ್ಲಿ ನೀರು, ಹಣ್ಣು, ಹಾಲಿನ ಜೊತೆಗೆ ಔಷಧವೂ ಇದೆ. ತಪಸ್ಸು ಕಾಲದ ಕ್ರೈಸ್ತ ಉಪವಾಸದಲ್ಲೂ ಔಷಧಕ್ಕೆ ಅಡ್ಡಿಯಿಲ್ಲ. ರಂಝಾನಿನಲ್ಲಿ ಹಗಲು ಮಾತ್ರೆ ನುಂಗುವಂತಿಲ್ಲ, ಆದ್ದರಿಂದ ಇಫ್ತಾರ್ ನಂತರದ ಒಂದು ನಿಗದಿತ ಹೊತ್ತಿಗೆ ಬದಲಿಸಿ. ಹೊತ್ತು ಬದಲಿಸುವಾಗ ತಡಮಾಡದೆ ಮುಂದಿನ ಮಾತ್ರೆಯನ್ನು ಬೇಗನೆ ತೆಗೆದುಕೊಳ್ಳುವುದು ಮುಖ್ಯ: ಬೆಳಿಗ್ಗೆ ತೆಗೆದುಕೊಳ್ಳುತ್ತಿದ್ದರೆ ಉಪವಾಸದ ಹಿಂದಿನ ದಿನ ಬೆಳಿಗ್ಗೆಯೂ ತೆಗೆದುಕೊಂಡು, ಅಂದೇ ರಾತ್ರಿ ಮುಂದಿನ ಮಾತ್ರೆ. ಹಬ್ಬದ ನಂತರ ಮತ್ತೆ ಬೆಳಿಗ್ಗೆಗೆ ಬರುವಾಗಲೂ ಹಾಗೆಯೇ. ಮಾಲಾ-ಎನ್‌ನಂಥ ಸಂಯುಕ್ತ ಮಾತ್ರೆ 24 ಗಂಟೆಯೊಳಗಿನ ತಡವನ್ನು ತಾಳಿಕೊಳ್ಳುತ್ತದೆ. ಒಟ್ಟಿಗೆ ಎರಡು ತಪ್ಪಿದರೆ ಏಳು ದಿನ ನಿರೋಧ್ ಬಳಸಬೇಕು. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ. ವಂಕಿಗೂ ಅಂತರಾಗೂ ಈ ರಗಳೆಯೇ ಇಲ್ಲ, ಯಾಕೆಂದರೆ ದಿನನಿತ್ಯ ಮಾಡಬೇಕಾದ್ದು ಏನೂ ಇಲ್ಲ.

ಸ್ವಾಭಾವಿಕ ವಿಧಾನವನ್ನೇ ಅನುಸರಿಸುವವರಿಗೆ ಒಂದು ಮಾತು. 26ರಿಂದ 32 ದಿನದ ಕ್ರಮಬದ್ಧ ಮುಟ್ಟಿರುವವರು 8ನೇ ದಿನದಿಂದ 19ನೇ ದಿನದವರೆಗೆ ದೂರವಿರಬೇಕು. ವೀರ್ಯಾಣು ಐದು ದಿನ ಬದುಕಬಲ್ಲದು, ಅದಕ್ಕೇ ಅಷ್ಟು ದಿನ. ತಪ್ಪದೆ ಪಾಲಿಸಿದರೂ ವರ್ಷಕ್ಕೆ ನೂರಕ್ಕೆ ಐವರಿಗೆ, ಸಾಮಾನ್ಯ ಬಳಕೆಯಲ್ಲಿ ನೂರಕ್ಕೆ ಹನ್ನೆರಡು ಮಂದಿಗೆ ಗರ್ಭ ನಿಲ್ಲುತ್ತದೆ. ವಂಕಿಯಲ್ಲಿ ಒಬ್ಬರಿಗಿಂತ ಕಡಿಮೆ. ನಿಮಗೆ ಮಾತ್ರ ಈ ಲೆಕ್ಕ ಸದ್ಯಕ್ಕೆ ಕೆಲಸಕ್ಕೆ ಬಾರದು: ಹಾಲೂಡಿಸುವಾಗ ಮುಟ್ಟು ಕ್ರಮಕ್ಕೆ ಬಂದಿರುವುದಿಲ್ಲ, ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಬಂದಿರಬಹುದು. ಹಾಲೂಡಿಸುವುದೇ ಗರ್ಭನಿರೋಧಕ ಎಂಬುದೂ ಮಗುವಿಗೆ ಆರು ತಿಂಗಳಾಗುವ ತನಕ ಮಾತ್ರ, ಅದೂ ಬರೀ ಎದೆಹಾಲು ಕೊಡುತ್ತಿದ್ದು ಮುಟ್ಟು ಶುರುವಾಗದಿದ್ದರೆ. ನಿಮ್ಮ ಮಗುವಿಗೆ ಎಂಟು ತಿಂಗಳು. ಈ ಹೊತ್ತಿಗೆ ನಿಮಗೆ ಯಾವ ರಕ್ಷಣೆಯೂ ಇಲ್ಲ ಎಂದೇ ಭಾವಿಸಿ.

ಸಹಿಯ ಪ್ರಶ್ನೆಗೆ ಬರೋಣ. ಕೇಂದ್ರ ಆರೋಗ್ಯ ಇಲಾಖೆಯ ಮಾನದಂಡದಂತೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮಹಿಳೆಗೆ 22ರಿಂದ 49 ವರ್ಷವಾಗಿರಬೇಕು, ಮದುವೆಯಾಗಿರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು. ಗಂಡನ ಒಪ್ಪಿಗೆ ಬೇಕಿಲ್ಲ ಎಂದು ಅದರಲ್ಲೇ ಬರೆದಿದೆ. ವಂಕಿಗೆ, ಅಂತರಾಗೆ ಆ ಮಾತೇ ಬರುವುದಿಲ್ಲ. ಆದರೂ ಆಸ್ಪತ್ರೆಗಳು ಸಹಿ ಕೇಳುವುದೇಕೆ? ನಾಳೆ ಮನೆಯವರು ಬಂದು ಗಲಾಟೆ ಮಾಡಿದರೆ ಎಂಬ ಭಯ, ಹಳೆಯ ರೂಢಿ. ‘ಗಂಡನ ಸಹಿ ಬೇಕೆಂಬ ನಿಯಮವನ್ನು ಲಿಖಿತವಾಗಿ ಕೊಡಿ’ ಎಂದು ವಿನಯದಿಂದ ಕೇಳಿ. ಕೊಡದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಸಾಕು.

ಗರ್ಭಪಾತಕ್ಕೂ ಹಾಗೆಯೇ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ವಯಸ್ಕ ಮಹಿಳೆಯ ಒಪ್ಪಿಗೆಯೊಂದನ್ನೇ ಕೇಳುತ್ತದೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ, ಅತ್ಯಾಚಾರ ಸಂತ್ರಸ್ತೆಯರಂಥ ಕೆಲವು ವರ್ಗದವರಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ಕೈಕೊಟ್ಟದ್ದೂ 20 ವಾರದವರೆಗೆ ಕಾನೂನು ಒಪ್ಪುವ ಕಾರಣವೇ. ಗರ್ಭಪಾತ ಮಾಡಿಸಿಕೊಂಡವರ ಹೆಸರು ಬಯಲು ಮಾಡಿದವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಅವಿವಾಹಿತೆಯರನ್ನು ಬೇರೆಯಾಗಿ ನೋಡುವಂತಿಲ್ಲ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿದೆ. ಮಹಿಳೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸುವುದು ಭಾರತೀಯ ನ್ಯಾಯ ಸಂಹಿತೆಯ 89ನೇ ಕಲಂನಡಿ ಗಂಭೀರ ಅಪರಾಧ. ಗಂಡು ಬೇಕೆಂದು ಲಿಂಗ ಪತ್ತೆ ಮಾಡಿಸುವುದು 1994ರ ಬೇರೆ ಕಾಯ್ದೆಯಡಿ ಅಪರಾಧ. ಈ ಎರಡನ್ನು ಗೊಂದಲ ಮಾಡಿಕೊಂಡು ‘ಗರ್ಭಪಾತವೇ ಕಾನೂನುಬಾಹಿರ’ ಎನ್ನುವ ಸಿಬ್ಬಂದಿಯೂ ಇದ್ದಾರೆ.

‘ನನ್ನ ಧರ್ಮ ಒಪ್ಪುವುದಿಲ್ಲ, ಮಾಡಲಾರೆ’ ಎಂದು ವೈದ್ಯರೇ ಹೇಳಿದರೆ? ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನೀತಿ ಸಂಹಿತೆ ಸ್ಪಷ್ಟವಾಗಿದೆ: ವೈದ್ಯಕೀಯ ಕಾರಣವಿರುವಾಗ ಬರೀ ಧಾರ್ಮಿಕ ಕಾರಣ ಮುಂದಿಟ್ಟು ಗರ್ಭನಿರೋಧ, ಸಂತಾನಹರಣ, ಗರ್ಭಪಾತಕ್ಕೆ ನೆರವು ನಿರಾಕರಿಸುವಂತಿಲ್ಲ, ಆ ಕೌಶಲ ತನಗಿಲ್ಲ ಎನ್ನುವವರಿಗೆ ಮಾತ್ರ ವಿನಾಯಿತಿ. ಸಂವಿಧಾನದ 25ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯ ಕೊಡುವಾಗಲೂ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆಯ ಜೊತೆಗೆ ಆರೋಗ್ಯಕ್ಕೂ ಅದನ್ನು ಒಳಪಡಿಸಿದೆ. ಧರ್ಮದ ನಿಲುವನ್ನೇ ಕಾನೂನು ಮಾಡಿದರೆ ಏನಾಗಬಹುದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇಯಲ್ಲಿ 2012ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 17 ವಾರದ ಬಸುರು ಉಳಿಯುವುದಿಲ್ಲ ಎಂದು ಗೊತ್ತಿದ್ದೂ, ಭ್ರೂಣದ ಹೃದಯ ಬಡಿಯುತ್ತಿದೆ ಎಂಬ ಕಾರಣಕ್ಕೆ ಅವರು ಕೇಳಿದ ಗರ್ಭಪಾತ ಸಿಗಲಿಲ್ಲ, ನಂಜು ರಕ್ತಕ್ಕೇರಿತು. 2018ರ ಮೇ ತಿಂಗಳಲ್ಲಿ ಅಲ್ಲಿನ ಜನ ಶೇ 66ರಷ್ಟು ಮತದಿಂದ ಗರ್ಭಪಾತದ ಆ ನಿಷೇಧವನ್ನು ಸಂವಿಧಾನದಿಂದ ತೆಗೆದುಹಾಕಿದರು.

ನಿಮ್ಮ ಮಟ್ಟಿಗೆ ನನ್ನ ಸಲಹೆ ವಂಕಿ 380-ಎ. ಹತ್ತು ವರ್ಷ ನಡೆಯುತ್ತದೆ, ಆಪರೇಷನ್ನಿಗೆ ಹತ್ತಿರ ಹತ್ತಿರದ ಭದ್ರತೆ ಕೊಡುತ್ತದೆ, ಬೇಡವೆಂದ ದಿನ ತೆಗೆಸಬಹುದು, ಹಾಲಿಗೆ ತೊಂದರೆಯಿಲ್ಲ. ಶಾಶ್ವತ ವಿಧಾನದ ಮೇಲೆ ಧಾರ್ಮಿಕ ಆಕ್ಷೇಪವಿರುವ ಮನೆಗೂ ಇದು ಹೊಂದುತ್ತದೆ. ಚಿಕ್ಕವಳಿಗೆ ಇನ್ನೂ ಎಂಟೇ ತಿಂಗಳು. ಆಪರೇಷನ್ನಿನ ತೀರ್ಮಾನ ಒಂದೆರಡು ವರ್ಷ ತಡೆದರೆ ನಷ್ಟವಿಲ್ಲ. ಆಗಲೂ ಯಜಮಾನರು ಮಾಡಿಸಿಕೊಳ್ಳುವ ಆಪರೇಷನ್ ಸುಲಭದ್ದು, ಹೊಲಿಗೆಯೂ ಇಲ್ಲ. 2019–21ರ ಸಮೀಕ್ಷೆಯಂತೆ ದೇಶದಲ್ಲಿ ಮಹಿಳೆಯರ ಆಪರೇಷನ್ ಅವಲಂಬಿಸಿದ ದಂಪತಿ ಶೇ 37.9, ಪುರುಷರದು ಶೇ 0.3. ಈ ಅಂತರಕ್ಕೆ ಯಾವ ಧರ್ಮಗ್ರಂಥದಲ್ಲೂ ಆಧಾರ ಇಲ್ಲ.

ಮುಟ್ಟು ಇನ್ನೂ ಶುರುವಾಗಿಲ್ಲದಿದ್ದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಇತ್ತೀಚೆಗೆ ರಕ್ಷಣೆಯಿಲ್ಲದೆ ಸೇರಿದ್ದರೆ ಅದನ್ನೂ ಹೇಳಿ, ಯಾಕೆಂದರೆ ತೀರಾ ಬೇಗ ಮಾಡಿದ ಪರೀಕ್ಷೆ ನೆಗೆಟಿವ್ ತೋರಿಸಬಹುದು. ವಾಸನೆಯ ಬಿಳಿಮುಟ್ಟು ಅಥವಾ ಕಿಬ್ಬೊಟ್ಟೆ ನೋವಿದ್ದರೆ ಚಿಕಿತ್ಸೆ ಆದ ಮೇಲೆ ವಂಕಿ. ಹಾಲೂಡಿಸುವ ಹೊತ್ತಿನಲ್ಲಿ ಗರ್ಭಕೋಶ ಮೆದುವಾಗಿರುವುದರಿಂದ ಚುಚ್ಚಿಕೊಳ್ಳುವ ಅಪಾಯ ಅಪರೂಪವಾದರೂ ಸ್ವಲ್ಪ ಹೆಚ್ಚು, ಹಾಗಾಗಿ ದಿನವೂ ಹಾಕುವ ಅನುಭವಸ್ಥರ ಬಳಿ ಹೋಗಿ. ಮೊದಲ ಮುಟ್ಟಾದ ಮೇಲೆ ಒಮ್ಮೆ ತೋರಿಸಿ. ಆಮೇಲೆ ಪ್ರತಿ ಮುಟ್ಟಿನ ನಂತರ ವಂಕಿಯ ದಾರ ಕೈಗೆ ತಾಗುತ್ತದೆಯೇ ನೋಡಿಕೊಳ್ಳಿ. ದಾರ ಸಿಗದಿದ್ದರೆ, ಉದ್ದವಾದಂತೆ ಕಂಡರೆ, ಮುಟ್ಟು ತಪ್ಪಿದರೆ, ಜ್ವರದ ಜೊತೆ ಹೊಟ್ಟೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ.

ಮನೆಯಲ್ಲಿ ಹೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು, ಆದರೆ ಹೇಳಲೇಬೇಕೆಂಬ ಕಾನೂನಿಲ್ಲ. ಹೇಳಿದರೆ ಹೊಡೆತ ಬೀಳುವ ಪರಿಸ್ಥಿತಿಯಿದ್ದರೆ ಅಂತರಾ ಕೇಳಿ: ಮೂರು ತಿಂಗಳಿಗೊಂದು ಚುಚ್ಚುಮದ್ದು, ಮನೆಯಲ್ಲಿ ಇಡಬೇಕಾದ ಮಾತ್ರೆ ಇಲ್ಲ, ಕಾಣುವ ದಾರ ಇಲ್ಲ. ಮುಂದಿನ ಡೋಸ್ ಎರಡು ವಾರ ಮೊದಲೂ ತೆಗೆದುಕೊಳ್ಳಬಹುದು, ನಾಲ್ಕು ವಾರ ತಡವಾದರೂ ನಡೆಯುತ್ತದೆ. ಚುಚ್ಚಿದ ಜಾಗವನ್ನು ತಿಕ್ಕಬಾರದು. ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ದೈಹಿಕ ಹಿಂಸೆ, ಬಲವಂತ ಇದ್ದರೆ ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿಯನ್ನು ಅವರ ಮೂಲಕವೇ ತಲುಪಬಹುದು.

ಧರ್ಮಗುರುಗಳನ್ನು ಕೇಳಲು ಹೋದರೆ ‘ಫ್ಯಾಮಿಲಿ ಪ್ಲಾನಿಂಗ್ ಸರಿಯೇ?’ ಎಂದು ಒಟ್ಟಾರೆ ಕೇಳಬೇಡಿ. ಬೇಡ ಎಂಬ ಒಟ್ಟಾರೆ ಉತ್ತರವೇ ಬರುತ್ತದೆ. ‘ನನಗೆ ಇಬ್ಬರು ಮಕ್ಕಳು, ಎಳೆಗೂಸಿಗೆ ಹಾಲೂಡಿಸುತ್ತಿದ್ದೇನೆ, ಎರಡು ವರ್ಷದೊಳಗೆ ಮತ್ತೆ ಬಸಿರಾಗುವುದು ಬೇಡ ಎಂದು ವೈದ್ಯರ ಸಲಹೆಯಿದೆ, ಬೇಕಾದಾಗ ತೆಗೆಯಬಹುದಾದ, ಗರ್ಭ ಕಟ್ಟುವ ಮೊದಲೇ ಕೆಲಸ ಮಾಡುವ ಸಾಧನ ಹಾಕಿಸಿಕೊಳ್ಳಬಹುದೇ?’ ಎಂದು ಕೇಳಿ. ಸಾಧ್ಯವಾದರೆ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.